ಒಂದು ಗಂಟೆ ಇಪ್ಪತ್ತು ನಿಮಿಷ

ದಾರ್ ಎಸ್ ಸಲಾಮ್
೩ ಮಾರ್ಚ್ ೨೦೨೪

ತಂಗಿ ಮಾಧುರಿಗೆ,

ನಿನ್ನ ಅಣ್ಣ ಶಿವರಾಜ ಬರೆಯುತ್ತಿರುವುದು. ಕಾಗದದ ಮೇಲೆ ಕೈಯಲ್ಲೇ ಬರೆದು, ನಿನ್ನ ಅತ್ತಿಗೆ ನೀಲವ್ವನ ಫೋನಿನಲ್ಲಿ ಫೋಟೋ ತೆಗೆಸಿ ನಿನ್ನ ಇಮೇಲಿಗೆ ಕಳಿಸುತ್ತಿದ್ದೇನೆ. ಟೈಪ್ ಮಾಡಲು ಬರುವುದಿಲ್ಲ ಅಂತಲ್ಲ. ಇಷ್ಟು ವರ್ಷ ಬೇರೆಯವರ ಬರಹ ಅಚ್ಚು ಹಾಕಿದವನಿಗೆ ತನ್ನದನ್ನಾದರೂ ಕೈಯಲ್ಲಿ ಬರೆಯಬೇಕು ಅನ್ನಿಸುತ್ತದೆ.

ವಿಷಯ ಇಷ್ಟೇ. ಜನವರಿ ಹದಿನೆಂಟಕ್ಕೆ ನನ್ನ ಗಂಟಲಿನ ಆಪರೇಷನ್ ಆಯಿತು. ಗಂಟಿತ್ತು, ಕ್ಯಾನ್ಸರ್ ಅಂದರು. ಧ್ವನಿಪೆಟ್ಟಿಗೆಯನ್ನೇ ತೆಗೆದುಬಿಟ್ಟರು. ಈಗ ಕುತ್ತಿಗೆಯ ಮುಂದೆ ಒಂದು ತೂತು, ಅದರೊಳಗೆ ಒಂದು ಸಣ್ಣ ಕೊಳವೆ. ಉಸಿರಾಡುವುದು ಅದರಿಂದಲೇ. ಊಟ ಬಾಯಿಂದಲೇ. ಮಾತು ಮಾತ್ರ ಹೋಯಿತು. ಒಂದು ಸ್ಲೇಟು ಇಟ್ಟುಕೊಂಡಿದ್ದೇನೆ, ಬೇಕಾದ್ದನ್ನು ಬರೆದು ತೋರಿಸುತ್ತೇನೆ. ರೋಗ ಪೂರ್ತಿ ಹೋಗಿದೆ ಎಂದು ಡಾಕ್ಟರು ಹೇಳುತ್ತಾರೆ. ನೀನು ಗಾಬರಿಯಾಗಬೇಡ.

ಪ್ರೆಸ್ಸಿನಲ್ಲಿ ಕೆಲಸ ಇದೆ. ಆದರೆ ಮಷೀನಿನ ಸದ್ದಿನಲ್ಲಿ ಕೂಗಿ ಹೇಳಲಾರದ ಫೋರ್‌ಮನ್ ಯಾರಿಗೆ ಬೇಕು? ನನ್ನನ್ನು ಕಾಗದದ ಗೋಡೌನಿಗೆ ಹಾಕಿದ್ದಾರೆ. ತಣ್ಣಗಿದೆ, ಚೆನ್ನಾಗಿದೆ.

ಗದಗಿನಲ್ಲಿ ಅಪ್ಪನ ಪ್ರೆಸ್ಸಿನಲ್ಲಿ ನಿನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಅಚ್ಚಿನ ಮೊಳೆಗಳಿಂದ ಅಕ್ಷರ ಕಲಿಸಿದ್ದು ನೆನಪಾಗುತ್ತದೆ. ಮೊಳೆಯಲ್ಲಿ ಅಕ್ಷರ ತಿರುಗುಮುರುಗು ಇರುತ್ತದೆ ಎಂದು ನಾನು ಹೇಳಲೇ ಇಲ್ಲ. ನೀನು ಶಾಲೆಯಲ್ಲಿ ಎಲ್ಲವನ್ನೂ ಉಲ್ಟಾ ಬರೆದು ಪೆಟ್ಟು ತಿಂದು ಬಂದೆ. ಆಸ್ಪತ್ರೆಯಲ್ಲಿ ಮಲಗಿದ್ದಾಗ ಇಂಥವೇ ನೆನಪಾಗುತ್ತಿದ್ದವು.

ನಿನ್ನ ಮನೆಯ ಗೃಹಪ್ರವೇಶಕ್ಕೆ ಬಂದುಹೋಗಿ ಆರು ವರ್ಷವಾಯಿತು. ಆಮೇಲೆ ನಾವು ಹೆಚ್ಚು ಮಾತಾಡಲಿಲ್ಲ. ಇನ್ನು ಮಾತಾಡುವುದೇ ಇಲ್ಲವಲ್ಲ, ಅದಕ್ಕೆ ಬರೆಯೋಣ ಅನ್ನಿಸಿತು. ನಿನ್ನ ಗಂಡ ಗುರುಕಿರಣನಿಗೂ ಮಗಳು ನಿಸರ್ಗಾಳಿಗೂ ನನ್ನ ನೆನಪು ಹೇಳು.

ಶಿವರಾಜ

*

ಡಬ್ಲಿನ್, ಕ್ಯಾಲಿಫೋರ್ನಿಯಾ
೨೪ ಮಾರ್ಚ್ ೨೦೨೪

ಅಣ್ಣಾ,

ನಿನ್ನ ಪತ್ರ ಬಂದ ದಿನವೇ ನೋಡಿದೆ. ಪಾಲೋ ಆಲ್ಟೋದಲ್ಲಿ ಆಫೀಸಿನ ಪಾರ್ಕಿಂಗ್ ಲಾಟಿನಲ್ಲಿ, ಕಾರಿನೊಳಗೇ ಕುಳಿತು ಓದಿದೆ. ಹತ್ತು ನಿಮಿಷಕ್ಕೆ ಮೀಟಿಂಗಿತ್ತು. ಸಂಜೆ ಮನೆಗೆ ಹೋಗಿ ಬರೆಯೋಣ ಅಂದುಕೊಂಡೆ. ಮೂರು ವಾರವಾಗಿಹೋಯಿತು. ಏನು ಬರೆಯಬೇಕು ಎಂದೇ ತಿಳಿಯಲಿಲ್ಲ.

ಇಷ್ಟೆಲ್ಲ ಆಗುವವರೆಗೂ ಯಾಕೆ ಹೇಳಲಿಲ್ಲ? ನೀಲವ್ವ ವೈನಿ ಒಬ್ಬರೇ ಹೇಗೆ ನಿಭಾಯಿಸಿದರು? ಗುರುಕಿರಣ ನಿನ್ನ ರಿಪೋರ್ಟುಗಳನ್ನು ಕಳಿಸು ಎನ್ನುತ್ತಿದ್ದಾನೆ, ಇಲ್ಲಿ ಪರಿಚಯದ ಡಾಕ್ಟರಿಗೆ ತೋರಿಸುತ್ತಾನಂತೆ. ನಿಸರ್ಗಾಳಿಗೆ ಹದಿಮೂರಾಯಿತು. ನಾನು ಅಡುಗೆಮನೆಯಲ್ಲಿ ಅವಳಪ್ಪನಿಗೆ ಹೇಳುತ್ತಿದ್ದುದನ್ನು ಕೇಳಿಸಿಕೊಂಡು "ಇಸ್ ಮಾಮಾ ಗೋಯಿಂಗ್ ಟು ಬಿ ಓಕೆ?" ಎಂದು ಕೇಳಿದಳು. ಹೌದು ಎಂದೆ.

ಒಂದು ಸುದ್ದಿ. ಜೂನ್ ಎರಡನೇ ವಾರ ಆಫೀಸಿನವರು ನನ್ನನ್ನು ನೈರೋಬಿಗೆ ಕಳಿಸುತ್ತಿದ್ದಾರೆ. ಅಲ್ಲಿನ ಹೊಸ ಆಫೀಸಿನವರಿಗೆ ಐದು ದಿನದ ಟ್ರೇನಿಂಗು. ನಾನು ಆಫ್ರಿಕಾಕ್ಕೆ ಬರುವುದು ಇದೇ ಮೊದಲು. ತುಂಬ ದೊಡ್ಡ ಹೋಟೆಲು, ಅದರ ಹೆಸರು ವಿಳಾಸ ಕೆಳಗೆ ಹಾಕಿದ್ದೇನೆ, ಸುಮ್ಮನೆ ನಿನಗೆ ತಿಳಿದಿರಲಿ ಅಂತ.

ಆರೋಗ್ಯ ನೋಡಿಕೋ.

ಮಾಧುರಿ

*

ದಾರ್ ಎಸ್ ಸಲಾಮ್
೨ ಏಪ್ರಿಲ್ ೨೦೨೪

ಮಾಧುರಿ,

ನೈರೋಬಿ ಎಂದು ಓದಿ ನೀಲವ್ವನನ್ನು ಒಲೆಯ ಮುಂದಿನಿಂದ ಎಬ್ಬಿಸಿ ಕರೆತಂದು ಪತ್ರ ತೋರಿಸಿದೆ. ಮಗ್ಗುಲಿಗೇ ಬಂದಂತಾಯಿತಲ್ಲ! ಅಷ್ಟು ದೂರದ ಕ್ಯಾಲಿಫೋರ್ನಿಯಾದಿಂದ ನೈರೋಬಿಯವರೆಗೆ ಬಂದವಳು ನಮ್ಮ ಮನೆಗೆ ಬರದೆ ಹೋಗಬೇಡ. ಒಂದು ದಿನ ಸಾಕು. ಬೆಳಿಗ್ಗೆ ಬಂದು ಸಂಜೆ ಹೋಗು. ನಾನು ವಿಮಾನ ನಿಲ್ದಾಣಕ್ಕೆ ಬರುತ್ತೇನೆ.

ನನ್ನನ್ನು ನೋಡಿ ನಿನಗೆ ಸಂಕಟವಾದೀತು ಎಂದು ಮೊದಲೇ ಹೇಳಿಬಿಡುತ್ತೇನೆ. ಹದಿನಾಲ್ಕು ಕಿಲೋ ಇಳಿದಿದ್ದೇನೆ. ಕುತ್ತಿಗೆಯ ತೂತು ಕಾಣದಿರಲಿ ಎಂದು ನೀಲವ್ವ ಹತ್ತಿಬಟ್ಟೆಯ ಪಟ್ಟಿಗಳನ್ನು ಹೊಲಿದಿದ್ದಾಳೆ, ಯಾವಾಗಲೂ ಅದನ್ನು ಕಟ್ಟಿಕೊಂಡೇ ಇರುತ್ತೇನೆ. ಕೆಮ್ಮಿದರೆ ಮಾತ್ರ ಎದುರಿದ್ದವರು ಹಿಂದೆ ಸರಿಯುತ್ತಾರೆ. ನೀನು ಬಂದ ದಿನ ಕೆಮ್ಮದೆ ಇರಲು ನೋಡುತ್ತೇನೆ.

ಯಾವ ದಿನ ಎಂದು ಬೇಗ ತಿಳಿಸು.

ಶಿವರಾಜ

*

ಡಬ್ಲಿನ್
೧೯ ಮೇ ೨೦೨೪

ಅಣ್ಣಾ,

ತಡವಾಗಿ ಬರೆಯುತ್ತಿದ್ದೇನೆ, ಬೈಯಬೇಡ. ನಿಸರ್ಗಾಳ ಪರೀಕ್ಷೆ, ಆಫೀಸಿನಲ್ಲಿ ಒಬ್ಬರು ಬಿಟ್ಟುಹೋಗಿ ಅವರ ಕೆಲಸವೂ ನನ್ನ ಮೇಲೆ. ದಿನಾ ಫ್ರೀವೇಯಲ್ಲೇ ಮೂರು ಗಂಟೆ ಕಳೆಯುತ್ತೇನೆ.

ದಾರ್‌ಗೆ ಬರಲು ಬಹಳ ವಿಚಾರಿಸಿದೆ. ನೈರೋಬಿಯಿಂದ ಅಲ್ಲಿಗೆ ನೇರ ವಿಮಾನ ಇಲ್ಲವಂತೆ. ಅಡಿಸ್ ಅಬಾಬಾಕ್ಕೆ ಹೋಗಿ ಬದಲಿಸಬೇಕಂತೆ. ಎಲ್ಲ ಸೇರಿ ಹೋಗಲು ಒಂದು ದಿನ, ಬರಲು ಒಂದು ದಿನ. ಮ್ಯಾಪಿನಲ್ಲಿ ಪಕ್ಕಪಕ್ಕ ಕಂಡರೂ ಆಫ್ರಿಕಾ ಬಹಳ ದೊಡ್ಡದು ಎಂದು ಆಫೀಸಿನವರೂ ಹೇಳಿದರು. ಜೊತೆಗೆ ನನಗೆ ಬಿಡುವಿನ ದಿನವೇ ಇಲ್ಲ. ಸೋಮವಾರದಿಂದ ಶನಿವಾರ ರಾತ್ರಿಯವರೆಗೆ ಟ್ರೇನಿಂಗು, ಭಾನುವಾರ ಬೆಳಿಗ್ಗೆಯೇ ವಾಪಸು.

ಮುಂದಿನ ವರ್ಷ ರಜೆ ಹಾಕಿ ಎಲ್ಲರೂ ಸೇರಿ ಬರುತ್ತೇವೆ. ವೈನಿಗೆ ಬೇಜಾರು ಮಾಡಿಕೊಳ್ಳಬೇಡಿ ಎಂದು ಹೇಳು.

ಮಾಧುರಿ

*

ದಾರ್ ಎಸ್ ಸಲಾಮ್
೨೬ ಮೇ ೨೦೨೪

ಮಾಧುರಿ,

ಸರಿ. ಕೆಲಸ ಮುಖ್ಯ. ಪ್ರಯಾಣದಲ್ಲಿ ನೀರು ಮಾತ್ರ ಬಾಟಲಿಯದೇ ಕುಡಿ.

ಶಿವರಾಜ

*

ದಾರ್ ಎಸ್ ಸಲಾಮ್
೩೦ ಜೂನ್ ೨೦೨೪

ಪ್ರೀತಿಯ ಮಾಧುರಿಗೆ ನಿನ್ನ ವೈನಿ ನೀಲವ್ವನಿಂದ,

ನನಗೆ ಪತ್ರ ಬರೆದು ಅಭ್ಯಾಸವಿಲ್ಲ. ಆದರೂ ಈ ಸಲ ನಾನೇ ಬರೆಯಬೇಕು ಎಂದು ಹಟ ಮಾಡಿ ಕುಳಿತೆ. ಅವರಿಗೆ ಗೊತ್ತಿಲ್ಲದೆ ಬರೆಯುತ್ತಿದ್ದೇನೆ.

ನಿನ್ನ ಋಣ ಹೇಗೆ ತೀರಿಸಲಿ, ತಂಗಿ? ನೈರೋಬಿಯಿಂದ ಬಂದ ಮೇಲೆ ಅವರ ಮುಖವೇ ಬೇರೆಯಾಗಿದೆ. ನೀನು ಬರಲಾಗುವುದಿಲ್ಲ ಎಂದು ಬರೆದಾಗ ಎರಡು ದಿನ ಸ್ಲೇಟು ಮುಟ್ಟಲಿಲ್ಲ. ಆಮೇಲೆ ಸ್ಲೇಟಿನಲ್ಲಿ ಬರೆದರು, "ಅವಳು ಬರೋದಾಗಲಿಲ್ಲ ಅಂದ್ರ ನಾನ ಹೋಗತೇನಿ." ನಾನು ಬೇಡ ಎಂದೆ. ಬಕ್ರೀದ್ ರಜೆ, ವಿಮಾನದಲ್ಲಿ ಸೀಟು ಸಿಗಲಿಲ್ಲ. ಶುಕ್ರವಾರ ಬೆಳಿಗ್ಗೆ ಬಸ್ಸು ಹತ್ತಿದರು. ಹದಿನೈದು ತಾಸು. ದಾರಿಯಲ್ಲಿ ಧೂಳು, ಕೊಳವೆ ಕಟ್ಟಿಕೊಂಡರೆ ಏನು ಗತಿ ಎಂದು ನಾನು ಇಲ್ಲಿ ಕೈಯಲ್ಲಿ ಜೀವ ಹಿಡಿದು ಕುಳಿತಿದ್ದೆ.

ಬಂದ ಮೇಲೆ ಎಲ್ಲ ಬರೆದು ತೋರಿಸಿದರು. ನೀನು ಕೆಲಸ ಬಿಟ್ಟು ಓಡಿ ಬಂದಿದ್ದು, ನಿನ್ನ ಆಫೀಸಿನವರಿಗೆಲ್ಲ "ಇವನು ನನ್ನ ಅಣ್ಣ" ಎಂದು ತೋರಿಸಿದ್ದು, ಆ ದೊಡ್ಡ ಹೋಟೆಲಿನಲ್ಲಿ ನಿನ್ನ ಪಕ್ಕದಲ್ಲೇ ಕೂರಿಸಿಕೊಂಡು ಅನ್ನ ಮೆತ್ತಗೆ ಕಲಸಿ ಕೊಟ್ಟಿದ್ದು. ನೀನು ಕೊಡಿಸಿದ ನೀಲಿ ಶರ್ಟನ್ನು ಕೆಲಸಕ್ಕೂ ಹಾಕಿಕೊಂಡು ಹೋಗುತ್ತಾರೆ. ಆಪರೇಷನ್ ಆದ ಮೇಲೆ ನಮ್ಮ ಮನೆಗೆ ಬರುವವರೇ ಕಡಿಮೆಯಾಗಿದ್ದರು, ಮಾಧುರಿ. ಬಂದವರೂ ಅವರ ಕುತ್ತಿಗೆ ಬಿಟ್ಟು ಬೇರೆಲ್ಲಾದರೂ ನೋಡುತ್ತಾ ಕೂರುತ್ತಿದ್ದರು. ನೀನೊಬ್ಬಳು ಹಾಗೆ ಮಾಡಲಿಲ್ಲವಂತೆ.

ನಾನು ಕಳಿಸಿದ ಶೇಂಗಾ ಹೋಳಿಗೆ ಬಸ್ಸಿನಲ್ಲಿ ಮುರಿದಿರಲಿಲ್ಲ ತಾನೆ? ನಿಸರ್ಗಾ ತಿಂದಳೇ?

ಒಂದು ಮಾತು, ನಗಬೇಡ. ಅಡಿಸ್ ಅಬಾಬಾ ಸುತ್ತಿ ಬರಬೇಕು ಎಂದು ನಿನಗೆ ಯಾರು ಹೇಳಿದರೋ. ಇವರ ಪ್ರೆಸ್ಸಿನಲ್ಲಿ ಪ್ರತಿ ವರ್ಷ ಒಂದು ಟ್ರಾವೆಲ್ಸಿನವರ ಕ್ಯಾಲೆಂಡರ್ ಅಚ್ಚಾಗುತ್ತದೆ. ಅದರ ಹಿಂದೆ ಊರೂರಿನ ದೂರ, ವಿಮಾನದ ಹೊತ್ತು ಎಲ್ಲ ಇದೆ. ನೈರೋಬಿಯಿಂದ ದಾರ್‌ಗೆ ಆರುನೂರ ಎಪ್ಪತ್ತು ಕಿಲೋಮೀಟರು, ಒಂದು ಗಂಟೆ ಇಪ್ಪತ್ತು ನಿಮಿಷ. ದಿನಕ್ಕೆ ಐದಾರು ವಿಮಾನ ಇವೆಯಂತೆ. ಮುಂದಿನ ಸಲ ಇವರನ್ನೇ ಕೇಳು, ಆಫೀಸಿನವರ ಮಾತು ಕೇಳಬೇಡ.

ನಿನಗೊಂದು ಕೌದಿ ಹೊಲಿಯುತ್ತಿದ್ದೇನೆ. ಮುಗಿದ ಕೂಡಲೇ ಕಳಿಸುತ್ತೇನೆ.

ನೀಲವ್ವ

*

ಡಬ್ಲಿನ್
೯ ಜುಲೈ ೨೦೨೪

ಅಣ್ಣಾ,

ವೈನಿಯ ಫೋನಿಗಲ್ಲ, ನಿನ್ನ ಪ್ರೆಸ್ಸಿನ ಇಮೇಲಿಗೆ ಇದನ್ನು ಕಳಿಸುತ್ತಿದ್ದೇನೆ. ವೈನಿ ನನಗೆ ಪತ್ರ ಬರೆದಿದ್ದಾರೆ. ನಿನಗೆ ತಿಳಿಯದೆ ಬರೆದೆ ಎಂದಿದ್ದಾರೆ, ನಿನಗೆ ತಿಳಿದಿದೆ ಎಂದು ತೋರಿಸಿಕೊಳ್ಳಬೇಡ. ನೈರೋಬಿಯಲ್ಲಿ ನಾನು ನಿನ್ನನ್ನು ಹೇಗೆ ನೋಡಿಕೊಂಡೆ ಎಂದು ಹೊಗಳಿದ್ದಾರೆ. ಆ ಪತ್ರವನ್ನು ನಾನು ನಿಂತುಕೊಂಡೇ ಓದಿದೆ. ಕುಳಿತು ಓದಲಾಗಲಿಲ್ಲ.

ಆ ಶನಿವಾರ ನನಗೆ ಟ್ರೇನಿಂಗು ಇರಲಿಲ್ಲ. ಇಡೀ ದಿನ ಬಿಡುವಿತ್ತು. ನೇರ ವಿಮಾನ ಇಲ್ಲ ಎಂದದ್ದು ಸುಳ್ಳು. ನಿನಗೆ ಬರೆಯುವ ಮುಂಚೆಯೇ ನೋಡಿದ್ದೆ, ಒಂದು ಗಂಟೆ ಇಪ್ಪತ್ತು ನಿಮಿಷ ಎಂದು ನನ್ನ ಫೋನೇ ತೋರಿಸಿತ್ತು. ನಮ್ಮ ಮನೆಯಿಂದ ನನ್ನ ಆಫೀಸಿಗೆ ಹೋಗಲು ಕೆಲವು ದಿನ ಅಷ್ಟೇ ಹೊತ್ತು ಬೇಕು. ನೋಡಿ ಮುಚ್ಚಿಟ್ಟು, ಅಡಿಸ್ ಅಬಾಬಾ ಎಂದು ಬರೆದೆ.

ಆ ದಿನ ಬೆಳಿಗ್ಗೆ ಏಳೂವರೆಗೆ ಆಫೀಸಿನ ಆರು ಜನರ ಜೊತೆ ಲಿಫ್ಟಿನಿಂದ ಇಳಿದೆ. ಪ್ರಾಣಿಗಳನ್ನು ನೋಡಲು ನ್ಯಾಷನಲ್ ಪಾರ್ಕಿಗೆ ಹೊರಟಿದ್ದೆವು. ಬಾಗಿಲ ಹತ್ತಿರದ ಸೋಫಾದ ತುದಿಯಲ್ಲಿ ನೀನು ಕುಳಿತಿದ್ದೆ. ತೊಡೆಯ ಮೇಲೆ ಚೀಲ, ಕುತ್ತಿಗೆಗೆ ಬಿಳಿ ಬಟ್ಟೆ. ನೀನು ಇಂಗ್ಲಿಷಿನಲ್ಲಿ ನನ್ನ ಹೆಸರು ಬರೆದ ಸ್ಲೇಟನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದೆ. ನಮ್ಮ ಡೈರೆಕ್ಟರು ಅದನ್ನು ಓದಿ, "ಮಾಧುರಿ, ನಿನ್ನ ಹೆಸರಲ್ಲವೇ? ಅವನು ನಮ್ಮ ಡ್ರೈವರೇ?" ಎಂದು ಕೇಳಿದರು.

ನಾನು "ಬೇರೆ ಯಾರೋ ಮಾಧುರಿ ಇರಬೇಕು" ಎಂದೆ.

ಹಾಗೆಂದು ವ್ಯಾನು ಹತ್ತಿದೆ. ಅವನಲ್ಲ, ಅಣ್ಣ ಇಷ್ಟು ಸಣ್ಣಗಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಅದೂ ಸುಳ್ಳು. ಲಿಫ್ಟಿನ ಬಾಗಿಲು ತೆರೆದ ಕ್ಷಣವೇ ಗುರುತಾಗಿತ್ತು. ಮಧ್ಯಾಹ್ನ ಬಂದಾಗ ರಿಸೆಪ್ಶನ್ನಿನಲ್ಲಿ ಹೋಳಿಗೆಯ ಡಬ್ಬಿ ಕೊಟ್ಟರು. ಹನ್ನೊಂದರವರೆಗೆ ಕಾಯುತ್ತಿದ್ದರು ಎಂದರು. ಡಬ್ಬಿಯನ್ನು ತೆರೆಯದೆ ಕೋಣೆ ಗುಡಿಸುವ ಹೆಂಗಸಿಗೆ ಕೊಟ್ಟುಬಿಟ್ಟೆ.

ನಿನ್ನ ಮುಂದೆ ಬರಲು ನನಗೆ ಮುಖವಿರಲಿಲ್ಲ. ಯಾಕೆ ಎಂದು ನಿನಗೆ ಗೊತ್ತು, ನಾವಿಬ್ಬರೂ ಬಾಯಿಬಿಟ್ಟು ಹೇಳಿಲ್ಲ ಅಷ್ಟೇ. ಗೃಹಪ್ರವೇಶದ ಸಂಜೆ ನಿನ್ನ ಕಂದು ಸಫಾರಿ ಸೂಟಿನಲ್ಲಿ ಎಲ್ಲರಿಗೂ ನೀನೇ ಓಡಾಡಿ ಬಡಿಸುತ್ತಿದ್ದೆ. ನಿನ್ನ ಉಗುರುಗಳಲ್ಲಿ ಮಸಿ ಇತ್ತು. ಆಫೀಸಿನ ಹೆಂಗಸೊಬ್ಬಳು "ಇವರು ಕೇಟರಿಂಗಿನವರಾ? ನಂಬರ್ ಕೊಡುತ್ತೀಯಾ?" ಎಂದಳು. ನಾನು ಹೌದು ಎಂದೆ. ನೀನು ಎರಡಡಿ ದೂರದಲ್ಲಿ ಪಲ್ಯದ ಪಾತ್ರೆ ಹಿಡಿದು ನಿಂತಿದ್ದೆ. ನೀನು ಕೊನೆಯ ಅತಿಥಿ ಹೋಗುವವರೆಗೆ ಬಡಿಸಿದೆ, ಪಾತ್ರೆಗಳನ್ನೂ ತೊಳೆದೆ. ಮೂರು ವಾರಕ್ಕೆಂದು ಬಂದವನು ನಾಲ್ಕನೇ ದಿನ ಹೊರಟುಹೋದೆ.

ಮೊದಲನೆಯದನ್ನು ಬಾಯಿ ತಪ್ಪಿ ಅಂದೆ ಎನ್ನಬಹುದು. ನೈರೋಬಿಯದಕ್ಕೆ ಹೇಳಲು ನನ್ನ ಬಳಿ ಏನೂ ಇಲ್ಲ.

ನೀನು ವೈನಿಗೆ ಯಾಕೆ ಹಾಗೆ ಹೇಳಿದೆ?

ಮಾಧುರಿ

*

ದಾರ್ ಎಸ್ ಸಲಾಮ್
೨೧ ಜುಲೈ ೨೦೨೪

ಮಾಧುರಿ,

ಈ ಪತ್ರದ ಫೋಟೋವನ್ನು ಪ್ರೆಸ್ಸಿನ ಜಯರಾಮ್ ಎಂಬವರ ಫೋನಿನಿಂದ ಕಳಿಸುತ್ತಿದ್ದೇನೆ. ಅವರಿಗೆ ಕನ್ನಡ ಓದಲು ಬರುವುದಿಲ್ಲ. ನೀಲವ್ವನ ಫೋನಿಗೆ ಉತ್ತರ ಬರೆಯಬೇಡ.

ನೀನು ನನ್ನನ್ನು ನೋಡಿದ್ದನ್ನು ನಾನೂ ನೋಡಿದೆ. ಕೂಗಲು ದನಿ ಇರಲಿಲ್ಲ. ಇದ್ದಿದ್ದರೂ ಕೂಗುತ್ತಿರಲಿಲ್ಲ ಎಂದು ಕಾಣುತ್ತದೆ. ವ್ಯಾನು ಹೋದ ಮೇಲೆ ಹನ್ನೊಂದರವರೆಗೆ ಕುಳಿತಿದ್ದುದು ನಿನಗಾಗಿ ಕಾಯಲು ಅಲ್ಲ. ಎದ್ದು ಎಲ್ಲಿಗೆ ಹೋಗಬೇಕು ಎಂದು ತಿಳಿಯಲಿಲ್ಲ. ಹೋಟೆಲಿನವಳು ಪಾಪ ಎರಡು ಸಲ ನೀರು ತಂದುಕೊಟ್ಟಳು. ಯಾರನ್ನು ನೋಡಬೇಕು ಎಂದು ಕೇಳಿದಳು. ಸ್ಲೇಟನ್ನು ಒರೆಸಿಬಿಟ್ಟಿದ್ದೆ. ಹೊರಡುವಾಗ ಡಬ್ಬಿಯ ಮೇಲೆ ಮಾತ್ರ ನಿನ್ನ ಹೆಸರು ಬರೆದು ಕೊಟ್ಟೆ.

ವಾಪಸು ಬಸ್ಸು ಮರುದಿನ ಬೆಳಿಗ್ಗೆ. ಅಲ್ಲಿಯವರೆಗೆ ಊರೆಲ್ಲ ಅಲೆದೆ. ಒಂದು ಅಂಗಡಿಯಲ್ಲಿ ನೀಲಿ ಶರ್ಟು ಕೊಂಡೆ. ಅದನ್ನು ಕೊಳ್ಳುವಾಗಲೇ ನೀಲವ್ವನಿಗೆ ಏನು ಹೇಳಬೇಕು ಎಂದು ಮನಸ್ಸಿನಲ್ಲಿ ಜೋಡಿಸಿಕೊಂಡೆ. ಹದಿನೈದು ತಾಸು ಬಸ್ಸಿನಲ್ಲಿ ಅದನ್ನೇ ತಿದ್ದಿದೆ. ಅನ್ನ ಕಲಸಿ ಕೊಟ್ಟಳು ಎನ್ನುವುದನ್ನು ದಾರಿಯಲ್ಲಿ ಮೊಶಿ ಎಂಬ ಊರಿನ ಹತ್ತಿರ ಸೇರಿಸಿದೆ.

ನಿನ್ನನ್ನು ಕಾಪಾಡಲು ಹೇಳಿದ್ದಲ್ಲ. ತಪ್ಪು ತಿಳಿಯಬೇಡ. ತಂಗಿ ನನ್ನನ್ನು ಎರಡು ಸಲ ಯಾರೋ ಎಂದಳು ಎನ್ನುವುದನ್ನು ನನ್ನ ಹೆಂಡತಿಯ ಮುಂದೆ ಬರೆದು ತೋರಿಸಲು ನನಗೆ ನಾಚಿಕೆಯಾಯಿತು. ಅವಳು ದಿನಕ್ಕೆ ಎರಡು ಸಲ ನನ್ನ ಕುತ್ತಿಗೆಯ ತೂತು ತೊಳೆಯುತ್ತಾಳೆ. ಅವಳ ಮುಂದೆ ಇನ್ನೂ ಕೆಳಗಿಳಿಯಲು ನನ್ನಿಂದ ಆಗಲಿಲ್ಲ.

ನಾನು ಕ್ಷಮಿಸಿದೆನೋ ಇಲ್ಲವೋ ಗೊತ್ತಿಲ್ಲ. ಕೇಳಬೇಡ. ಒಂದೇ ಒಂದು ಕೇಳುತ್ತೇನೆ. ಈ ಸುಳ್ಳು ನನಗೆ ಬೇಕು. ನೀಲವ್ವನಿಗೆ ಹೇಳಬೇಡ.

ಶಿವರಾಜ

*

ಡಬ್ಲಿನ್
೧೧ ಆಗಸ್ಟ್ ೨೦೨೪

ವೈನಿ,

ನಿಮ್ಮ ಕೌದಿ ನಿನ್ನೆ ತಲುಪಿತು. ಪೆಟ್ಟಿಗೆ ಒಡೆದು ಹಾಸಿದಾಗ ನಿಸರ್ಗಾ ಅದರ ಮೇಲೆ ಹೊರಳಾಡಿದಳು. ಮೂಲೆಯಲ್ಲಿ ಕೆಂಪು ದಾರದಿಂದ ನನ್ನ ಹೆಸರು ಹೊಲಿದಿದ್ದೀರಿ. "ಅತ್ತೆ ಮೇಡ್ ದಿಸ್ ಬೈ ಹ್ಯಾಂಡ್? ವೈ?" ಎಂದು ಕೇಳಿದಳು. ಏನು ಹೇಳಲಿ ಅವಳಿಗೆ?

ಇದನ್ನು ನಾನು ಇಟ್ಟುಕೊಳ್ಳಲಾರೆ, ವೈನಿ. ಅಣ್ಣ ನಿಮಗೆ ಹೇಳಿದ್ದು ಯಾವುದೂ ನಡೆದಿಲ್ಲ. ಹೋಟೆಲಿನಲ್ಲಿ ಅವನನ್ನು ನೋಡಿಯೂ ಗೊತ್ತಿಲ್ಲದವಳಂತೆ ಹೊರಟುಹೋದೆ. ಅನ್ನ ಕಲಸಿ ಕೊಡಲಿಲ್ಲ. ಶರ್ಟು ಅವನೇ ಕೊಂಡದ್ದು. ನಿಮ್ಮ ಹೋಳಿಗೆಯನ್ನು ನಾನು ಬಾಯಿಗೆ ಹಾಕಲೇ ಇಲ್ಲ. ಬರಲು ಆಗುವುದಿಲ್ಲ ಎಂದದ್ದೂ ಸುಳ್ಳು. ಆರು ವರ್ಷದ ಹಿಂದೆ ನಮ್ಮ ಮನೆಯಲ್ಲಿ ಅವನನ್ನು ಅಡುಗೆಯವನು ಎಂದಿದ್ದೆ. ಅಂದಿನಿಂದ ಅವನ ಎದುರು ನಿಲ್ಲಲು ಹೆದರಿ ತಪ್ಪಿಸಿಕೊಂಡು ತಿರುಗುತ್ತಿದ್ದೇನೆ.

ನಿಮಗೆ ಹೇಳಬೇಡ ಎಂದು ಅಣ್ಣ ಕೇಳಿಕೊಂಡಿದ್ದ. ಆದರೆ ನಿಮ್ಮ ಒಳ್ಳೆಯ ಮಾತುಗಳನ್ನು ಹೊತ್ತುಕೊಂಡು ಇನ್ನೊಂದು ದಿನ ಇರಲು ನನ್ನಿಂದ ಆಗುತ್ತಿಲ್ಲ.

ಮಾಧುರಿ

*

ದಾರ್ ಎಸ್ ಸಲಾಮ್
೨೫ ಆಗಸ್ಟ್ ೨೦೨೪

ಮಾಧುರಿ,

ನೀನು ನಿನ್ನ ಭಾರ ಇಳಿಸಿಕೊಂಡೆ. ಇಳಿಸಿದ್ದು ನಮ್ಮ ಮನೆಯೊಳಗೆ.

ನೀಲವ್ವ ಎರಡು ದಿನ ಊಟ ಮಾಡಲಿಲ್ಲ. ನಿನ್ನ ಮೇಲಿನ ಸಿಟ್ಟಿಗೆ ಎಂದುಕೊಳ್ಳಬೇಡ. ಇಷ್ಟು ವರ್ಷ ಸಂಸಾರ ಮಾಡಿದವನು ತನಗೆ ಸುಳ್ಳು ಹೇಳಿದ ಎಂದು. "ನನ್ನ ಮುಂದ ನಿಮಗೇನು ನಾಚಿಕಿ?" ಎಂದು ಕೇಳಿದಳು. ಬರೆಯಲು ಸ್ಲೇಟು ಕೈಗೆತ್ತಿಕೊಂಡೆ, ಮತ್ತೆ ಕೆಳಗಿಟ್ಟೆ. ನೀಲಿ ಶರ್ಟು ಕಾಣುತ್ತಿಲ್ಲ. ಎಲ್ಲಿಟ್ಟಳೋ ಕೇಳಿಲ್ಲ.

ಒಂದನ್ನು ಕೇಳಿದ್ದೆ ನಿನ್ನ ಹತ್ತಿರ. ಇನ್ನು ಬರೆಯಬೇಡ.

ಶಿವರಾಜ

*

ದಾರ್ ಎಸ್ ಸಲಾಮ್
೧೨ ಅಕ್ಟೋಬರ್ ೨೦೨೪

ಗುರು,

ಫೋನಿನಲ್ಲಿ ದಿನಾ "ಚೆನ್ನಾಗಿದ್ದೇನೆ, ಅಣ್ಣ ಚೆನ್ನಾಗಿದ್ದಾನೆ" ಎಂದಷ್ಟೇ ಹೇಳಿ ಇಡುತ್ತಿದ್ದೆ. ನೀನೂ ಹೆಚ್ಚು ಕೇಳಲಿಲ್ಲ. ಇಲ್ಲಿನ ಗೋಡೆಗಳು ತೆಳು, ಮಾತಾಡಿದ್ದೆಲ್ಲ ಪಕ್ಕದ ಕೋಣೆಗೆ ಕೇಳುತ್ತದೆ. ಅದಕ್ಕೆ ಬರೆಯುತ್ತಿದ್ದೇನೆ. ನೈರೋಬಿಯಲ್ಲಿ ನಾನು ಮಾಡಿದ್ದನ್ನು ಹೊರಡುವ ಹಿಂದಿನ ದಿನ ನಿನಗೆ ಹೇಳಿದೆ. ನೀನು "ಗೃಹಪ್ರವೇಶದ ದಿನ ನಾನೂ ಅಲ್ಲೇ ಇದ್ದೆ, ನನಗೂ ಕೇಳಿಸಿತ್ತು" ಎಂದೆ. ಆರು ವರ್ಷ ಒಂದೇ ಮನೆಯಲ್ಲಿದ್ದು ಅದನ್ನು ನಾವಿಬ್ಬರೂ ಒಬ್ಬರಿಗೊಬ್ಬರು ಹೇಳಿರಲಿಲ್ಲ ನೋಡು.

ನೈರೋಬಿಯಲ್ಲಿ ವಿಮಾನ ಬದಲಿಸಿದೆ. ಟಿಕೆಟ್ಟು ತೆಗೆಯುವಾಗ ಬೇರೆ ದಾರಿಗಳೂ ಇದ್ದವು, ಬೇಕೆಂದೇ ಇದನ್ನು ಆರಿಸಿದೆ. ಮೇಲೆ ಹಾರಿದ ಕೂಡಲೇ ಜ್ಯೂಸು ಕೊಟ್ಟರು. ಬಲಗಡೆ ಕುಳಿತವರೆಲ್ಲ ಕಿಲಿಮಂಜಾರೋ ಕಂಡಿತೆಂದು ಫೋಟೋ ತೆಗೆಯತೊಡಗಿದರು. ನಾನು ಕೈಗಡಿಯಾರ ನೋಡುತ್ತಾ ಕುಳಿತಿದ್ದೆ. ಖಾಲಿ ಲೋಟ ತೆಗೆದುಕೊಂಡು ಹೋಗುವಷ್ಟರಲ್ಲಿ ಸೀಟುಬೆಲ್ಟು ಕಟ್ಟಿಕೊಳ್ಳಿ ಎಂದರು. ನೆಲದಿಂದ ನೆಲಕ್ಕೆ ಒಂದು ಗಂಟೆ ಹದಿನಾಲ್ಕು ನಿಮಿಷ. ಪಕ್ಕದ ಸೀಟಿನ ಹೆಂಗಸು ನನಗೆ ಮೈ ಸರಿಯಿಲ್ಲವೇ ಎಂದು ಕೇಳಿದಳು.

ಬರುತ್ತೇನೆಂದು ತಿಳಿಸಿರಲಿಲ್ಲ. ತಿಳಿಸಿದರೆ ಬೇಡ ಎನ್ನುತ್ತಿದ್ದರು. ಮೂರನೇ ಮಹಡಿ. ಬೆಲ್ ಒತ್ತಿದೆ. ವೈನಿ ಬಾಗಿಲು ತೆಗೆದರು. ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ಬಹಳ ಮರ್ಯಾದೆಯಿಂದ ಕೇಳಿದರು.

"ಯಾರು ಬೇಕಾಗಿತ್ರಿ?"

"ವೈನಿ, ನಾನು..."

"ಗುರುತು ಸಿಗಲಿಲ್ಲರಿ. ಯಾರ ಕಡೆಯವರು ನೀವು?"

ಎದುರು ಮನೆಯ ಗುಜರಾತಿ ಹೆಂಗಸು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಮೆಟ್ಟಿಲ ಮೇಲೆ ಯಾರೋ ಇಬ್ಬರು ನಿಂತಿದ್ದರು. ಅಷ್ಟು ಜನರ ಮುಂದೆ, "ನಾನು ಶಿವರಾಜನ ತಂಗಿ. ಒಡಹುಟ್ಟಿದವಳು" ಎಂದೆ.

"ಅವರಿಗೊಬ್ಬಾಕಿ ತಂಗಿ ಇದ್ದಳಂತ ಕೇಳೀನಿ" ಎಂದರು ವೈನಿ. ಬಾಗಿಲು ಹಾಕಲಿಲ್ಲ. ತೆರೆದಿಟ್ಟು ಒಳಗೆ ಹೋದರು. ನಾನು ಚಪ್ಪಲಿ ಬಿಟ್ಟು ಹಿಂದೆ ಹೋದೆ.

ಅಣ್ಣ ಕಿಟಕಿಯ ಹತ್ತಿರ ಕುಳಿತಿದ್ದ. ನನ್ನನ್ನು ನೋಡಿ ಮೊದಲು ಕೈ ಕುತ್ತಿಗೆಗೆ ಹೋಯಿತು, ಬಟ್ಟೆ ಸರಿಯಾಗಿದೆಯೇ ಎಂದು. ನಾನು ಕಾಲು ಹಿಡಿಯಲು ಬಗ್ಗಿದಾಗ ಕಾಲು ಹಿಂದೆಳೆದುಕೊಂಡ. ಸ್ವಲ್ಪ ಹೊತ್ತಿಗೆ ಸ್ಲೇಟಿನಲ್ಲಿ ಬರೆದ, "ಊಟ ಆತೇನು?" ಅಷ್ಟೇ.

ಮೂರು ದಿನ ಹೀಗೇ ಕಳೆದವು. ಹೊತ್ತಿಗೆ ಸರಿಯಾಗಿ ತಟ್ಟೆ ಬರುತ್ತಿತ್ತು, ಹಾಸಿಗೆ ಹಾಸಿರುತ್ತಿತ್ತು. ನೆಂಟರಿಗೆ ಮಾಡುವಂತೆ ಎಲ್ಲ ಮಾಡುತ್ತಿದ್ದರು. ನಾನು ಪಾತ್ರೆ ತೊಳೆಯಲು ಹೋದರೆ ವೈನಿ "ಇರಲಿ ಬಿಡ್ರಿ" ಎನ್ನುತ್ತಿದ್ದರು. ಆ "ರಿ" ನನಗೆ ಚುಚ್ಚುತ್ತಿತ್ತು. ಅಣ್ಣ ಬೆಳಿಗ್ಗೆ ಗೋಡೌನಿಗೆ ಹೋಗಿ ಸಂಜೆ ಬರುತ್ತಿದ್ದ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಇಬ್ಬರೂ ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ನೀರಿನ ಸದ್ದು, ಕೆಮ್ಮಿನ ಸದ್ದು ಕೇಳುತ್ತಿತ್ತು. ಅದು ಕೆಮ್ಮಿನಂತೆ ಇರುವುದಿಲ್ಲ, ಗುರು. ಸೀಳಿದ ಪೀಪಿಯಲ್ಲಿ ಗಾಳಿ ಊದಿದ ಹಾಗೆ. ನಾನು ಹೊರಗೆ ಕುಳಿತು ಟೀವಿ ನೋಡುವವಳಂತೆ ನಟಿಸುತ್ತಿದ್ದೆ.

ನಿನ್ನೆ ಸಂಜೆ ಅವನು ಬಂದಾಗಲೇ ಉಸಿರು ಗೊರಗೊರ ಎನ್ನುತ್ತಿತ್ತು. ಗೋಡೌನಿನಲ್ಲಿ ಧೂಳು ಇದ್ದಿರಬೇಕು. ಒಳಗೆ ಹೋದರು. ಈ ಸಲ ಬಾಗಿಲು ಹಾಕಿಕೊಳ್ಳಲಿಲ್ಲ. ವೈನಿ ಒಳಗಿನಿಂದ ಕೂಗಿದರು.

"ಮಾಧುರಿ, ಬಾ ಇಲ್ಲಿ. ಕೈ ತೊಳಕೊಂಡು ಬಾ. ಸಾಬೂನು ಹಚ್ಚಿ ತೊಳಕೋ."

ಹೋದೆ. ಅಣ್ಣ ಸ್ಟೂಲಿನ ಮೇಲೆ ಕುಳಿತಿದ್ದ, ಬಟ್ಟೆ ಬಿಚ್ಚಿತ್ತು. ನನ್ನನ್ನು ಕಂಡ ಕೂಡಲೇ ಎರಡೂ ಕೈಗಳಿಂದ ಕುತ್ತಿಗೆ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿದ. ಬೇಡ, ಬೇಡ ಎಂದು ತಲೆ ಅಲ್ಲಾಡಿಸಿದ. ಅವನ ಕಿವಿ ಕೆಂಪಾಗಿತ್ತು. ಐವತ್ತು ದಾಟಿದ ಮನುಷ್ಯ, ಗುರು. ತಲೆ ತಗ್ಗಿಸಬೇಕಾದವಳು ನಾನು. ಅವನು ಯಾಕೆ?

"ಮುಚ್ಚಿಕೋಬ್ಯಾಡ್ರಿ" ಎಂದರು ವೈನಿ. "ನೋಡಲಿ. ನೋಡಲಿಕ್ಕಂತನ ಬಂದಾಳ."

ತುಂಬ ಹೊತ್ತು ಅವನು ಕೈ ತೆಗೆಯಲಿಲ್ಲ. ಉಸಿರು ಬೆರಳುಗಳ ನಡುವೆ ಸಿಳ್ಳು ಹಾಕುತ್ತಿತ್ತು. ನಾನು ಅವನ ಎದುರು ನೆಲದ ಮೇಲೆ ಕುಳಿತುಕೊಂಡೆ. ಏನಾದರೂ ಹೇಳಬೇಕು ಅನ್ನಿಸಿತು. ಏನು ಹೇಳಿದರೂ ಅವನು ಬರೆದು ಉತ್ತರಿಸಬೇಕು, ಅದಕ್ಕೆ ಕೈ ತೆಗೆಯಬೇಕು. ಕೊನೆಗೆ ಅವನೇ ಒಂದು ಕೈ ತೆಗೆದ, ಆಮೇಲೆ ಇನ್ನೊಂದು.

ನೋಡಿದೆ. ಹತ್ತು ಪೈಸೆಯ ಹಳೆಯ ನಾಣ್ಯದಷ್ಟು ತೂತು. ಅಂಚು ಕೆಂಪಗೆ ಇದೆ. ಒಳಗೆ ಒದ್ದೆ.

ವೈನಿ ನನ್ನ ಕೈಗೆ ಟಾರ್ಚು ಕೊಟ್ಟರು. ಅವರು ಮೆಲ್ಲಗೆ ಕೊಳವೆ ತೆಗೆದರು. ಆಮೇಲೆ ಟಾರ್ಚು ಅವರು ಹಿಡಿದು, ಒದ್ದೆ ಬಟ್ಟೆ ನನಗೆ ಕೊಟ್ಟು ಸುತ್ತ ಒರೆಸು ಎಂದರು. ಅವನಿಗೆ ಕೆಮ್ಮು ಬಂತು, ನನ್ನ ಮುಖದ ಮೇಲೂ ಕನ್ನಡಕದ ಮೇಲೂ ಸಿಡಿಯಿತು. ಅಣ್ಣ ಹೌಹಾರಿ ಎದ್ದು ನಿಲ್ಲಲು ಹೋದ. ನಾನು ಅವನ ಮೊಣಕಾಲು ಹಿಡಿದು ಕೂರಿಸಿದೆ. ಕನ್ನಡಕ ಒರೆಸಿಕೊಳ್ಳದೆ ಉಳಿದದ್ದನ್ನು ಒರೆಸಿ ಮುಗಿಸಿದೆ. ಅವನು ಕಣ್ಣು ಮುಚ್ಚಿಕೊಂಡಿದ್ದ. ಕಣ್ಣಂಚಿನಲ್ಲಿ ನೀರಿತ್ತು. ನೋವಿಗೋ, ಏನಕ್ಕೋ, ನಾನು ಕೇಳಲಿಲ್ಲ.

ನನ್ನನ್ನು ಕ್ಷಮಿಸಿದ್ದಾರೆ ಎಂದು ಬರೆಯುತ್ತಿಲ್ಲ. ಆ ಮಾತು ಈ ಮನೆಯಲ್ಲಿ ಯಾರೂ ಎತ್ತಿಲ್ಲ. ಆಫೀಸಿಗೆ ಇನ್ನೂ ಮೂರು ವಾರ ರಜೆ ಕೇಳಿ ಬರೆದಿದ್ದೇನೆ. ಕಾರಣ ಏನು ಎಂದು ಕೇಳಿದರು, ಇದ್ದದ್ದನ್ನೇ ಬರೆದೆ. ನಿಸರ್ಗಾಳಿಗೂ ಎಲ್ಲ ಹೇಳು. ಇಂಗ್ಲಿಷಿನಲ್ಲೇ ಹೇಳು, ಆದರೆ ಏನನ್ನೂ ಬಿಡಬೇಡ.

ಕೊಳವೆಯನ್ನು ಬೆಚ್ಚಗಿನ ನೀರಿನಲ್ಲಿ ಸಣ್ಣ ಬ್ರಷ್ಷಿನಿಂದ ತೊಳೆಯಬೇಕು. ಅದನ್ನೂ ನನಗೇ ಕೊಟ್ಟರು. ತೊಳೆದು ತಂದುಕೊಟ್ಟೆ. ವೈನಿ ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ಒಳಗೆ ನೋಡಿ, "ಸ್ವಚ್ಛ ಆಗಿಲ್ಲ, ಇನ್ನೊಮ್ಮೆ ತೊಳಿ" ಎಂದರು. ಹೋಗಿ ಇನ್ನೊಮ್ಮೆ ತೊಳೆದೆ.

ನಿನ್ನ
ಮಾಧುರಿ